ಎರಡು ನಿಮಿಷದ ಕನ್ನಡ

ಆ ವರ್ಷ ಪುಣೆಯ ಪ್ರಾಯೋಗಿಕ ರಂಗಭೂಮಿ ಎದುರಿಸಿದ ಅತ್ಯಂತ ಗಂಭೀರ ಪ್ರಶ್ನೆ ಕುರ್ಚಿಯದಾಗಿತ್ತು. ಅದು ಮರದ್ದಿರಬೇಕೋ ಪ್ಲಾಸ್ಟಿಕ್ಕಿನದ್ದೋ ಎಂದು ತೀರ್ಮಾನಿಸಲು ಮೂರು ಸಭೆಗಳು ನಡೆದವು. ಮರದ ಕುರ್ಚಿಯಲ್ಲಿ ಜಮೀನ್ದಾರಿಕೆಯ ವಾಸನೆಯಿದೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾರುಕಟ್ಟೆಯ ನಗುವಿದೆ ಎಂದು ನಿರ್ದೇಶಕ ವಿನೀತ ಎರಡೂ ಕಡೆಯಿಂದ ತಾನೇ ವಾದಿಸಿದ. ಒಬ್ಬ ಆಫ್ರಿಕನ್ ಮತ್ತು ಒಬ್ಬ ಪುಣೆಯ ಹೆಣ್ಣುಮಗಳು ಎದುರುಬದುರು ಕೂರುವ ವಸ್ತುವನ್ನು ಹಗುರವಾಗಿ ನೋಡಬಾರದು ಎಂಬುದು ಅವನ ನಿಲುವು. ಮೂರನೆಯ ಸಭೆಯ ನಡುವೆ ಆ ಆಫ್ರಿಕನ್ ಒಳಗೆ ಬಂದ, ಕೋಣೆಯನ್ನೊಮ್ಮೆ ನೋಡಿದ, ಚಪ್ಪಲಿ ಬಿಟ್ಟು ಕಿಟಕಿಯ ಕಟ್ಟೆಯ ಮೇಲೆ ಕೂತ.

ಆ ಹೆಣ್ಣುಮಗಳ ಪಾತ್ರದ ಹರ್ಷದಾ ಅವನನ್ನು ಮೊದಲು ಕಂಡದ್ದು ಹಾಗೆ. ಬೆನ್ನಿಗೆ ಸಂಜೆಯ ಬಿಸಿಲು, ಮಡಿಲಲ್ಲಿ ಹೆಲ್ಮೆಟ್, ಕುರ್ಚಿಯ ವಿಚಾರದಲ್ಲಿ ಯಾವ ಅಭಿಪ್ರಾಯವೂ ಇಲ್ಲದ ಮುಖ. ಅವಳಿಗೆ ನಗು ಬಂತು. ಅವಳ ನಗು ಅವನಿಗೆ ಕಂಡಿತು. ಅವನು ತಕ್ಷಣ ಹೆಲ್ಮೆಟ್ಟಿನೊಳಗೆ ಏನೋ ಕಳೆದುಕೊಂಡವನಂತೆ ಇಣುಕಿ ನೋಡತೊಡಗಿದ.

ಜಾಗ ಸದಾಶಿವ ಪೇಠದ ನಡುವೆ ಅಂಗಳವಿರುವ ಹಳೆಯ ವಾಡೆಯೊಂದರ ಮೊದಲ ಮಹಡಿ. ಇಪ್ಪತ್ತನಾಲ್ಕು ಪ್ರೇಕ್ಷಕರು ಹಿಡಿಸುತ್ತಿದ್ದರು; ಇಪ್ಪತ್ತೈದನೆಯವರು ಬಂದರೆ ನಟರಲ್ಲೊಬ್ಬರು ಹೊರಗೆ ಹೋಗಬೇಕು. ವೇದಿಕೆಯಿಲ್ಲ, ಪರದೆಯಿಲ್ಲ, ದೀಪ ಆರಿಸುವುದಿಲ್ಲ. ಮುಂದಿನ ಸಾಲಿನವರು ಕಾಲು ಚಾಚಿದರೆ ನಾಟಕಕ್ಕೇ ತಾಗುತ್ತಿತ್ತು. ಮೇಲಿನ ಮಹಡಿಯಲ್ಲಿ ಸರ್ಕಾರಿ ನೌಕರಿಯ ಎಂಪಿಎಸ್‌ಸಿ ಪರೀಕ್ಷೆಯ ಕೋಚಿಂಗ್ ಕ್ಲಾಸ್. ಎದೆ ಒಡೆಯುವಂಥ ಮಾತು ಬರುವ ಹೊತ್ತಿಗೆ ಸರಿಯಾಗಿ ಮೇಲಿನಿಂದ ಮಹಾರಾಷ್ಟ್ರದ ನದಿಗಳ ಹೆಸರು ಸಾಮೂಹಿಕವಾಗಿ ಕೇಳಿಬರುತ್ತಿತ್ತು.

ನಾಟಕಕ್ಕೆ ಹೆಸರಿರಲಿಲ್ಲ. ಹೆಸರಿಡುವುದೂ ಒಂದು ಬಗೆಯ ದಬ್ಬಾಳಿಕೆ ಎಂದು ವಿನೀತ ಹೇಳುತ್ತಿದ್ದ. ಕತೆ ಮಾತ್ರ ಸರಳ. ಪುಣೆಯ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಆಫ್ರಿಕದ ವಿದ್ಯಾರ್ಥಿ ಬಾಡಿಗೆಗಿದ್ದಾನೆ. ಮನೆಯ ಮಗಳಿಗೂ ಅವನಿಗೂ ಸ್ನೇಹವಾಗುತ್ತದೆ. ಹೌಸಿಂಗ್ ಸೊಸೈಟಿಯವರು ಸಭೆ ಸೇರಿ ಅವನಿಂದ ಕೋಣೆ ಬಿಡಿಸಲು ಹೇಳುತ್ತಾರೆ, ಅವನು ಬಿಡುತ್ತಾನೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಕೊನೆಯ ದೃಶ್ಯ ಮಾತ್ರ ವಿನೀತನ ಸ್ವಂತ ಸಾಹಸ: ಇಬ್ಬರೂ ಎದುರುಬದುರು ಕೂತು, ಒಬ್ಬೊಬ್ಬರು ಎರಡೆರಡು ನಿಮಿಷ ತಮ್ಮ ತಾಯ್ನುಡಿಯಲ್ಲಿ, ಇನ್ನೊಬ್ಬರಿಗೆ ಅರ್ಥವಾಗದ ಭಾಷೆಯಲ್ಲಿ, ಎಂದೂ ಯಾರಿಗೂ ಹೇಳದ್ದನ್ನು ಹೇಳಬೇಕು. ಬರೆದುಕೊಳ್ಳುವಂತಿಲ್ಲ. ದಿನಕ್ಕೊಂದು ಹೊಸದಾಗಿ ಬರಬೇಕು. ಇನ್ನೊಬ್ಬರು ಕೇಳಿಸಿಕೊಳ್ಳಬೇಕು, ಅಷ್ಟೆ.

ಅದಕ್ಕೊಂದು ನಿಯಮವೂ ಸೇರಿತ್ತು. ರಿಹರ್ಸಲ್ಲಿನ ಹೊರಗೆ ಇಬ್ಬರೂ ಮಾತಾಡಕೂಡದು. ಊರು, ಮನೆ, ಕೆಲಸ ಯಾವುದನ್ನೂ ಕೇಳಕೂಡದು. ಪರಿಚಯವಾದರೆ ಪರಕೀಯತೆ ಕೆಡುತ್ತದೆ.

ಹರ್ಷದಾಳಿಗೆ ಮೂವತ್ಮೂರು. ಶಿವಾಜಿನಗರದ ಇನ್ಶೂರೆನ್ಸ್ ಆಫೀಸೊಂದರಲ್ಲಿ ಜನರ ಸಾವಿನ ಅರ್ಜಿಗಳನ್ನು ಓದಿ, ಯಾವ ಕಾಗದ ಕಡಿಮೆಯಿದೆ ಎಂದು ಹೇಳುವ ಕೆಲಸ. ಮನೆ ಕಾತ್ರಜದಲ್ಲಿ, ಮನೆಮಾತು ಕನ್ನಡ. ಧಾರವಾಡದಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಪುಣೆಯ ನೀರನ್ನು ಇನ್ನೂ ಪರೀಕ್ಷೆಯ ಮೇಲಿಟ್ಟಿರುವ ತಾಯಿ ಕಾಶವ್ವ, ಮತ್ತು ಅವಳು. ತಂದೆ ತೀರಿಕೊಂಡಿದ್ದರು. ಅಣ್ಣ ಮಾಂತು ಹೆಂಡತಿ ಮಕ್ಕಳೊಂದಿಗೆ ಬೇರೆ ಇದ್ದ, ಭಾನುವಾರ ಬರುತ್ತಿದ್ದ. ಗಂಡು ನೋಡುವ ಕಾರ್ಯಕ್ರಮ ಎರಡು ವರ್ಷದ ಹಿಂದೆ, ಯಾರೂ ಘೋಷಿಸದೆ, ತಾನಾಗಿ ನಿಂತುಹೋಗಿತ್ತು. ಮನೆಯಲ್ಲಿ ಮಾತಿಗೇನೂ ಕೊರತೆಯಿರಲಿಲ್ಲ. ಕಾಶವ್ವ ಮಾತಾಡುತ್ತಿದ್ದಳು, ಹರ್ಷದಾ ‘ಹೂಂ’ ಎನ್ನುತ್ತಿದ್ದಳು. ಆಫೀಸಿನಲ್ಲಿ ಅರ್ಜಿದಾರರು ಮಾತಾಡುತ್ತಿದ್ದರು, ಅಲ್ಲೂ ‘ಹೂಂ’.

ಹೀಗಿರುವವಳಿಗೆ ದಿನಕ್ಕೆ ಎರಡು ನಿಮಿಷ ಕೊಟ್ಟು, ಎದುರಿಗೆ ಒಬ್ಬ ಗಂಡಸನ್ನು ಕೂರಿಸಿ, ‘ಏನು ಬೇಕಾದರೂ ಹೇಳು, ಅವನಿಗೆ ತಿಳಿಯುವುದಿಲ್ಲ’ ಎಂದರೆ ಏನಾಗಬಹುದೋ ಅದೇ ಆಯಿತು.

ಮೊದಲ ದಿನ ಅವಳು ಕಸದ ಗಾಡಿಯ ಬಗ್ಗೆ ಹೇಳಿದಳು. ಎರಡನೆಯ ದಿನ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ಬ್ಯಾಗನ್ನು ಅಲ್ಲಿಡದೆ ತೊಡೆಯ ಮೇಲೇ ಇಟ್ಟುಕೊಳ್ಳುವ ಅಭ್ಯಾಸದ ಬಗ್ಗೆ; ಯಾರಾದರೂ ಬಂದು ಕೂರಬಹುದಲ್ಲ ಎಂದು. ಮೂರನೆಯ ದಿನ, ಕೊನೆಗೆ ಬಂದ ವರನ ಬಗ್ಗೆ. ಅವನು ಅವಳ ಪಗಾರ ಕೇಳಿದ್ದ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದ್ದ, ಹೆಸರು ಕೇಳಲು ಮರೆತಿದ್ದ. ಇದನ್ನು ಹೇಳುವಾಗ ಎದುರಿಗಿದ್ದವನ ತುಟಿಯ ಎಡತುದಿ ಒಂದು ಎಳೆ ಮೇಲೆ ಹೋಗಿ ಮತ್ತೆ ಕೆಳಗಿಳಿಯಿತು. ಎಂಥ ನಟ, ಬರೀ ದನಿಯ ಏರಿಳಿತಕ್ಕೆ ಇಷ್ಟು ಸ್ಪಂದಿಸುತ್ತಾನೆ ಎಂದುಕೊಂಡಳು ಹರ್ಷದಾ. ವಿನೀತನೂ ಅದನ್ನು ಗಮನಿಸಿ, ಅರ್ಥದ ಹಂಗಿಲ್ಲದೆ ಕೇಳುವುದು ಹೇಗೆಂದು ಇವನಿಂದ ಕಲಿಯಬೇಕು ಎಂದು ಮರಾಠಿಯಲ್ಲಿ ಒಂದು ಸಣ್ಣ ಭಾಷಣ ಮಾಡಿದ.

ತನ್ನ ಎರಡು ನಿಮಿಷದಲ್ಲಿ ಅವನು ಏನೂ ಹೇಳುತ್ತಿರಲಿಲ್ಲ. ತನ್ನ ಪಾತ್ರ ಸುಮ್ಮನಿರುತ್ತದೆ ಎಂದು ಮೊದಲ ದಿನವೇ ತಿಳಿಸಿದ್ದ. ವಿನೀತನಿಗೆ ರೋಮಾಂಚನವಾಯಿತು. ಅದು ಇಡೀ ಖಂಡವೊಂದರ ಮೌನ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

ಆ ಮೌನದ ಎರಡು ನಿಮಿಷ ಅವನು ಅವಳನ್ನು ನೋಡುತ್ತಿದ್ದ. ಕೆಲಸ ಅದೇ, ನೋಡಲೇಬೇಕು. ಮೊದಮೊದಲು ಹರ್ಷದಾ ಅವನ ಅಂಗಿಯ ಗುಂಡಿಗಳಲ್ಲಿ ಆಶ್ರಯ ಪಡೆದಳು. ಐದು ಗುಂಡಿಗಳು, ಮೂರನೆಯದಕ್ಕೆ ಬೇರೆ ಬಣ್ಣದ ದಾರ. ಆಮೇಲೆ ಕೈಗಳು, ಉದ್ದ ಬೆರಳು, ಗಿಡ್ಡಗೆ ಕತ್ತರಿಸಿದ ಉಗುರು, ಯಾರದೋ ನೋವನ್ನು ಕಡಿಮೆ ಮಾಡಿ ಅಭ್ಯಾಸವಿದ್ದ ಕೈಗಳಂತೆ ಸುಮ್ಮನೆ ಮಲಗಿರುತ್ತಿದ್ದವು. ಕೊನೆಗೆ ಕಣ್ಣು. ಒಮ್ಮೆ ಅಲ್ಲಿಗೆ ತಲುಪಿದ ಮೇಲೆ ಮೇಲಿನ ಮಹಡಿಯ ನದಿಗಳೆಲ್ಲ ಬತ್ತಿಹೋದವು.

ಆರನೆಯ ರಿಹರ್ಸಲ್ಲಿನಲ್ಲಿ ಅವಳು ಹೇಳಿಯೇಬಿಟ್ಟಳು.

“ಆರು ಗಂಟೆ ಆಗೂ ದಾರಿ ನೋಡ್ಕೋತ ದಿನಾ ಕಳೀತೀನಿ. ನಿಮ್ಮ ಮುಂದ ಕುಂತಾಗ ಮನೀಗೆ ಹೋಗೂದ ಬ್ಯಾಡ ಅನಸ್ತದ. ಇದು ನಿಮಗ ತಿಳಿಯೂದಿಲ್ಲ. ಅದಕ್ಕ ಹೇಳಾಕತ್ತೀನಿ.”

ಅವನು ರೆಪ್ಪೆ ಮಿಟುಕಿಸಲಿಲ್ಲ. ಕಿವಿ ಮಾತ್ರ ಸ್ವಲ್ಪ ಹಿಂದಕ್ಕೆ ಸರಿದಂತಾಯಿತು. ಏಳನೆಯ ದಿನವೂ ಅವಳು ಅದನ್ನೇ ಬೇರೆ ಮಾತಿನಲ್ಲಿ ಹೇಳಿದಳು, ಎಂಟನೆಯ ದಿನವೂ. ಹೇಳಿದಷ್ಟೂ ಸಲೀಸಾಯಿತು. ಮಧ್ಯಾಹ್ನ ಊಟ ಮಾಡಿಲ್ಲವೆಂದು ಒಂದು ದಿನ ಹೇಳಿದ್ದಕ್ಕೆ, ಮರುದಿನ ಅವನು ಖಾರದ ತಿಂಡಿ ಬಾಕರವಡಿಯ ಪೊಟ್ಟಣವನ್ನು ಎಲ್ಲರಿಗೂ ಹಂಚುವವನಂತೆ ತಂದು ಮೊದಲು ಅವಳ ಮುಂದೆ ಹಿಡಿದ. ಎಷ್ಟು ಒಳ್ಳೆಯ ಕಾಕತಾಳೀಯ ಎಂದುಕೊಂಡು ನಾಲ್ಕು ತೆಗೆದುಕೊಂಡಳು. ಪ್ರೀತಿಯಲ್ಲಿ ಬಿದ್ದ ಬುದ್ಧಿವಂತರು ಸಾಕ್ಷಿಗಳನ್ನು ನೋಡುವ ಕ್ರಮವೇ ಹಾಗೆ.

ಪ್ರಯೋಗಕ್ಕೆ ಐದು ದಿನವಿರುವಾಗ ಕಾಶವ್ವನಿಗೆ ಶುಗರ್ ಪರೀಕ್ಷೆಗೆ ಡಾಕ್ಟರು ಬರೆದುಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಶಿವಾಜಿನಗರದವರೆಗೆ ಹೋಗಲಾರೆ ಎಂದಳು. ಮಾಂತು ಫೋನಿನಲ್ಲೇ, ಮನೆಗೆ ಬಂದು ರಕ್ತ ತೆಗೆಯುವ ಲ್ಯಾಬಿನವರನ್ನು ಗೊತ್ತುಮಾಡಿದ.

ಬೆಳಿಗ್ಗೆ ಏಳಕ್ಕೆ ಬೆಲ್ ಆಯಿತು. ಹರ್ಷದಾ ಒಳಗಿನ ಕೋಣೆಯಲ್ಲಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದಳು. ಕಾಶವ್ವ ಸೇಫ್ಟಿ ಬಾಗಿಲಿನ ಜಾಲರಿಯಿಂದ ಹೊರಗೆ ನೋಡಿ, ಬಾಗಿಲು ತೆರೆಯದೆ, ತನಗೆ ತಾನೇ ಹೇಳಿಕೊಂಡಳು:

“ಇದ್ಯಾರನ್ನ ಕಳಿಸ್ಯಾರ ಇವರು?”

“ಲ್ಯಾಬಿನಾಂವ ಅದೀನ್ರಿ ಅವ್ವಾರ. ಶುಗರ್ ಟೆಸ್ಟಿಗೆ.”

ಒಳಗಿನ ಕೋಣೆಯಲ್ಲಿ ಟವೆಲ್ ನೆಲಕ್ಕೆ ಬಿತ್ತು. ಅವಳು ಆ ದನಿಯನ್ನು ಕೇಳಿದ್ದು ಇಂಗ್ಲಿಷಿನಲ್ಲಿ ಮಾತ್ರ. ಆದರೂ ಗುರುತಿಸಲು ಎರಡನೆಯ ಶಬ್ದ ಬೇಕಾಗಲಿಲ್ಲ.

ಹೊರಗೆ ಬಾಗಿಲು ತೆರೆಯಿತು. ಕಾಶವ್ವನ ದನಿ ಅರಳಿತು. ಯಾವೂರು ಎಂದು ಕೇಳಿದಳು. ಹಳಿಯಾಳದ ಹತ್ತಿರ, ಸಿದ್ದಿಯವರು, ಹೆಸರು ಫಕೀರಪ್ಪ ಎಂದ. ಕಾಶವ್ವನಿಗೆ ಸಿದ್ದಿಯವರು ಗೊತ್ತು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ತಂದವರ ಮಕ್ಕಳು ಮೊಮ್ಮಕ್ಕಳು, ಈಗ ತಮ್ಮ ಕಡೆಯವರೇ. ಅವಳ ತವರಿನ ಸಂತೆಗೆ ಜೇನು ತರುತ್ತಿದ್ದರಂತೆ. ರಕ್ತ ತೆಗೆದಾದ ಮೇಲೆ ಒತ್ತಾಯ ಮಾಡಿ ಚಹಾ ಕುಡಿಸಿದಳು, ಉಪ್ಪಿಟ್ಟು ತಿನ್ನಿಸಿದಳು. “ಎಷ್ಟು ಛಂದ ಕನ್ನಡ ಮಾತಾಡ್ತೀಯಪಾ” ಎಂದು ಮೂರು ಸಲ ಹೇಳಿದಳು. ಅವನು ಹೋದ ಮೇಲೆ ಮಾಂತುವಿಗೆ ಫೋನು ಮಾಡಿ ಅದನ್ನೇ ನಾಲ್ಕನೆಯ ಸಲ ಹೇಳಿದಳು.

ಹರ್ಷದಾ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ತಾನು ಹೇಳಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಕಸದ ಗಾಡಿಯಿಂದ ಶುರುವಾಗಿ, ಬಹಳ ದೂರ ಹೋಗಿತ್ತು.

ಅವನು ಆಫ್ರಿಕದವನಾದದ್ದು ಹೀಗೆ: ವಿನೀತ ಒಮ್ಮೆ ಲ್ಯಾಬಿಗೆ ಹೋದವನು ಇವನನ್ನು ಕಂಡು, ಎದೆಯ ಬ್ಯಾಡ್ಜಿನಲ್ಲಿ ‘ಫಕೀರ್ ಎಸ್.’ ಎಂದು ಓದಿ, ಇಂಗ್ಲಿಷಿನಲ್ಲಿ ನಾಟಕದ ಕಲ್ಪನೆ ವಿವರಿಸಿದ್ದ. ಇವನು ಇಂಗ್ಲಿಷಿನಲ್ಲಿ ಒಪ್ಪಿದ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಮನುಷ್ಯರ ನಡುವಿನ ಗೋಡೆಗಳ ಬಗ್ಗೆ ಎರಡು ತಿಂಗಳು ಚರ್ಚಿಸಿದ ಆ ಕೋಣೆಯಲ್ಲಿ, ಹರ್ಷದಾಳನ್ನೂ ಸೇರಿಸಿ, ಒಬ್ಬರಿಗೂ ಅವನ ಊರು ಕೇಳಬೇಕೆನಿಸಲಿಲ್ಲ. ನಿಯಮ ಇರದಿದ್ದರೂ ಅವಳು ಕೇಳುತ್ತಿರಲಿಲ್ಲವೇನೋ. ಮುಖ ನೋಡಿದ ಕೂಡಲೇ ಉತ್ತರ ಬರೆದುಕೊಂಡಾಗಿತ್ತು. ಆ ಬೆಳಿಗ್ಗೆ ಅವಳಿಗೆ ನಾಚಿಕೆಗಿಂತ ಹೆಚ್ಚು ಚುಚ್ಚಿದ್ದು ಇದು. ಹಾಗೆಂದು ಅವನ ಮೇಲಿನ ಸಿಟ್ಟೇನೂ ಕಡಿಮೆಯಾಗಲಿಲ್ಲ.

ಅವತ್ತು ಸಂಜೆ ನಿಯಮ ಮುರಿದು, ವಾಡೆಯ ಮೆಟ್ಟಿಲಿನ ಮೇಲೆ ಅವನನ್ನು ತಡೆದಳು. ಮೇಲಿನಿಂದ ಕೋಚಿಂಗ್ ಹುಡುಗಿಯರು ಇಳಿಯುತ್ತಿದ್ದರು. ಇಬ್ಬರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು.

“ಮುಂಜಾನೆ ನೀವು ರಕ್ತ ತಗದದ್ದು ನಮ್ಮವ್ವಂದು. ಕನ್ನಡ ಬರ್ತದ ಅಂತ ಯಾಕ ಹೇಳಲಿಲ್ಲ ನೀವು?”

ಫಕೀರಪ್ಪ ಕಣ್ಣು ತಗ್ಗಿಸಲಿಲ್ಲ. “ಮೊದಲನೇ ದಿವಸ ನೀವು ಕಸದ ಗಾಡಿ ವಿಷಯ ಹೇಳಿದ್ರಿ. ಅದಕ್ಕ ಏನ್ ಹೇಳಲ್ರಿ?”

“ಆಮ್ಯಾಲ?”

“ಆಮ್ಯಾಲ ಕೇಳಬೇಕು ಅನಸ್ತು.”

“ನಾಚಿಕಿ ಬರಲಿಲ್ಲಾ?”

“ಬಂತ್ರಿ. ದಿನಾ ಬರ್ತಿತ್ತು. ಆದ್ರೂ ಆರಕ್ಕ ಗಾಡಿ ಚಾಲೂ ಮಾಡ್ತಿದ್ದೆ.”

ಅವನು ನಿಧಾನವಾಗಿ ಹೇಳಿದ. ತಾನು ಕನ್ನಡ ಮಾತಾಡಿದರೆ ಜನ ಮಾತು ಕೇಳುವುದನ್ನು ಬಿಟ್ಟು ಬಾಯಿ ನೋಡುತ್ತಾರೆ. ಮರಾಠಿ ಮಾತಾಡಿದರೂ ಹಾಗೇ. ನಿಮ್ಮ ಅವ್ವನವರು ಒಳ್ಳೆಯ ಮಂದಿ, ಸೂಜಿ ಚುಚ್ಚುವಾಗಲೂ ಅವರು ನೋಡಿದ್ದು ತನ್ನ ಬಾಯಿಯನ್ನೇ. ಈ ಊರಿನಲ್ಲಿ ನಾಲ್ಕು ವರ್ಷದಿಂದ ತಾನೊಂದು ಸೋಜಿಗ.

“ನೀವೊಬ್ಬರ ನನಗ ಮನಶ್ಯಾಗ ಹೇಳಿದಂಗ ಹೇಳಿದವರು. ತಿಳಿಯೂದಿಲ್ಲ ಅಂತ ಹೇಳಿದ್ರಿ, ಖರೆ. ಆದ್ರ ಹೇಳಿದ್ರಿ.”

ಅವನೇ ಮುಂದುವರಿಸಿದ. ಲ್ಯಾಬಿನವರು ಸೊಲ್ಲಾಪುರದಲ್ಲಿ ಹೊಸ ಶಾಖೆ ತೆರೆಯುತ್ತಿದ್ದಾರೆ. ಬರುವ ಸೋಮವಾರದಿಂದ ಅಲ್ಲಿಗೆ ಹೋಗಲು ಒಪ್ಪಿದ್ದೇನೆ. ಒಪ್ಪುವಾಗ, ನೀವು ಹೇಳುವುದೆಲ್ಲ ನಾಟಕದ ಮಾತಿರಬಹುದು ಎಂದುಕೊಂಡಿದ್ದೆ.

“ನಾಟಕದ್ದೋ ಖರೇದೋ ನನಗ ಗೊತ್ತಾಗಲಿಲ್ರಿ. ಈಗ ನನಗ ತಿಳೀತದ ಅಂತ ನಿಮಗ ಗೊತ್ತಾತು. ಈಗ ಹೇಳ್ರಿ ನೋಡೂಣು.”

ಅವಳು ಬಾಯಿ ತೆರೆದಳು. ಹನ್ನೊಂದು ರಿಹರ್ಸಲ್ಲುಗಳಲ್ಲಿ ನೀರಿನಂತೆ ಹರಿದ ಮಾತು ಈಗ ಬತ್ತಿತ್ತು. ಮೇಲಿನಿಂದ ವಿನೀತ, ಪರಕೀಯತೆ ಕೆಡಿಸುತ್ತಿರುವವರು ಯಾರು ಎಂದು ಕೂಗಿದ. ಇಬ್ಬರೂ ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿದರು.

ಶುಕ್ರವಾರ ಮೊದಲ ಪ್ರಯೋಗ. ಇಪ್ಪತ್ತನಾಲ್ಕು ಕುರ್ಚಿಗಳೂ ತುಂಬಿದ್ದವು. ಕೊನೆಯ ದೃಶ್ಯದಲ್ಲಿ ಹರ್ಷದಾ ಅವನೆದುರು ಕೂತು, ಶಿವಾಜಿನಗರದಿಂದ ಕಾತ್ರಜದವರೆಗಿನ ಬಸ್ ಸ್ಟಾಪುಗಳ ಹೆಸರನ್ನು ಯಾರಿಗೂ ಗುರುತು ಸಿಗದಂತೆ ಕನ್ನಡದ ಧಾಟಿಯಲ್ಲಿ, ನಡುಗುವ ದನಿಯಲ್ಲಿ ಹೇಳಿದಳು. ಮುಂದಿನ ಸಾಲಿನ ನಿವೃತ್ತ ಪ್ರೊಫೆಸರರೊಬ್ಬರು ಕಣ್ಣೊರೆಸಿಕೊಂಡರು. ಶನಿವಾರ ಪಾಲಿಸಿಯ ಷರತ್ತುಗಳನ್ನು ಹೇಳಿದಳು. ಆತ್ಮಹತ್ಯೆಯಾದರೆ ಮೊದಲ ವರ್ಷ ಹಣ ಸಿಗುವುದಿಲ್ಲ ಎಂಬಲ್ಲಿ ಅವಳಿಗೇ ಅಳು ಬಂತು. ಚಪ್ಪಾಳೆ ನಿಲ್ಲಲಿಲ್ಲ. ಫಕೀರಪ್ಪ ಎರಡೂ ದಿನ ಮೊದಲಿನಷ್ಟೇ ಶ್ರದ್ಧೆಯಿಂದ ಕೇಳಿದ. ತನ್ನ ಎರಡು ನಿಮಿಷ ಸುಮ್ಮನೆ ನೋಡಿದ. ಆ ನೋಟದಲ್ಲಿ ದೂರೇನೂ ಇರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಎರಡೂ ದಿನ ಪಕ್ಕದ ಸೀಟು ಖಾಲಿಯಿತ್ತು. ಬ್ಯಾಗನ್ನು ಅಲ್ಲಿಟ್ಟಳು.

ಭಾನುವಾರ ಕೊನೆಯ ಪ್ರಯೋಗ, ಸಂಜೆ ಐದಕ್ಕೆ. ಹರ್ಷದಾ ತಲೆ ಎತ್ತಿದರೆ ಎರಡನೆಯ ಸಾಲಿನಲ್ಲಿ ಕಾಶವ್ವ ಇಳಕಲ್ ಸೀರೆಯುಟ್ಟು ಕೂತಿದ್ದಳು. ಪಕ್ಕದಲ್ಲಿ ಮಾಂತು. ತಂಗಿಯ ನಾಟಕಕ್ಕೆ ಒಮ್ಮೆಯೂ ಹೋಗಿಲ್ಲವೆಂದು ಅವನೇ ತಾಯಿಯನ್ನು ಎಬ್ಬಿಸಿಕೊಂಡು ಬಂದಿದ್ದ. ಫಕೀರಪ್ಪನನ್ನು ಕಂಡು ಕಾಶವ್ವ ಸಂತೋಷದಿಂದ ಮಗನ ಪಕ್ಕೆಗೆ ತಿವಿದಳು. ರಕ್ತ ತೆಗೆದವನು, ನಮ್ಮ ಕಡೆಯವನು, ಏನೇನು ಮಾಡುತ್ತಾನೆ ನೋಡು.

ನಾಟಕವಿಡೀ ಅವಳಿಗೆ ಅರ್ಥವಾಗಲಿಲ್ಲ, ಇಂಗ್ಲಿಷ್. ಕೊನೆಯ ದೃಶ್ಯ ಬಂತು.

ಹರ್ಷದಾ ಕೂತಳು. ಎದುರಿಗೆ ಅವನು. ಕಿಟಕಿಯ ಬೆಳಕು ಇಬ್ಬರ ಮೊಣಕಾಲಿನವರೆಗೆ ಬಂದು ನಿಂತಿತ್ತು. ಆ ಕೋಣೆಯಲ್ಲಿ ಅವಳಲ್ಲದೆ ಕನ್ನಡ ತಿಳಿಯುವವರು ಮೂವರು, ಆ ಮೂವರಿಗೂ ಅವಳು ಏನಾದರೂ ಆಗಬೇಕು. ನಾಳೆ ಈ ಹೊತ್ತಿಗೆ ಇವನು ಸೊಲ್ಲಾಪುರದಲ್ಲಿ. ಬಸ್ ಸ್ಟಾಪುಗಳು ನಾಲಗೆಯ ತುದಿಯಲ್ಲೇ ಸಿದ್ಧವಾಗಿದ್ದವು. ಶಿವಾಜಿನಗರ, ಎಂದು ಶುರು ಮಾಡಿದರೆ ಸಾಕು, ಎಲ್ಲರೂ ಕ್ಷೇಮವಾಗಿ ಮನೆಗೆ ಹೋಗಬಹುದು.

“ತಿಳಿಯೂದಿಲ್ಲ ಅಂತ ಹೇಳಿದ್ದು ಹೇಳಿದಂಗ ಅಲ್ಲ,” ಎಂದಳು. “ಅದಕ್ಕ ಇವತ್ತ ಮೊದಲನೇ ಸಲ ಹೇಳಾಕತ್ತೀನಿ. ನಮ್ಮವ್ವ ಇಲ್ಲೇ ಕುಂತಾಳ. ಅಕೀಗೂ ತಿಳೀತದ, ತಿಳೀಲಿ. ಫಕೀರಪ್ಪ, ನನಗ ನೀವು ಬೇಕು. ಸೊಲ್ಲಾಪುರಕ್ಕ ಹೋಗಬ್ಯಾಡ್ರಿ ಅನ್ನೂದಿಲ್ಲ, ಹೋಗ್ರಿ. ಎಲ್ಲಿದ್ರೂ ನೀವ ಬೇಕು. ಮತ್ತ ಏನಂದ್ರ, ನಿಮ್ಮ ಊರು ನಾ ಕೇಳಬೇಕಾಗಿತ್ತು. ಕೇಳಲಿಲ್ಲ. ಅದು ನನ್ನ ತಪ್ಪು.”

ಇನ್ನೂ ಒಂದು ನಿಮಿಷಕ್ಕೂ ಹೆಚ್ಚು ಉಳಿದಿತ್ತು. ಹೇಳಲು ಏನೂ ಉಳಿದಿರಲಿಲ್ಲ. ಎರಡನೆಯ ಸಾಲಿನಲ್ಲಿ ಮಾಂತು ತಾಯಿಯ ಮುಖ ನೋಡಿದ.

ಫಕೀರಪ್ಪನ ಸರದಿ ಬಂತು. ಅಷ್ಟೂ ರಿಹರ್ಸಲ್ಲು, ಎರಡು ಪ್ರಯೋಗಗಳಲ್ಲಿ ಸುಮ್ಮನಿದ್ದ ಮನುಷ್ಯ ಒಮ್ಮೆ ಗಂಟಲು ಸರಿಮಾಡಿಕೊಂಡ.

“ನನಗೂ ಹಂಗ ಅನಸ್ತದ್ರಿ,” ಎಂದ. ಉಳಿದ ಸಮಯವನ್ನು ವಾಡಿಕೆಯಂತೆ ಅವಳನ್ನು ನೋಡುತ್ತಾ ಕಳೆದ. ಈ ಸಲ ಅವನಿಗೆ ರೆಪ್ಪೆ ಮಿಟುಕಿಸದಿರಲು ಆಗಲಿಲ್ಲ.

ವಿನೀತನ ಕಣ್ಣು ತುಂಬಿತ್ತು. ಪ್ರಯೋಗದ ಬಳಿಕದ ಸಂವಾದದಲ್ಲಿ, ಆ ಕೊನೆಯ ವಾಕ್ಯದ ಲಯವನ್ನು ಗಮನಿಸಿದಿರಾ, ಆಫ್ರಿಕದ ಭಾಷೆಗಳಲ್ಲಿ ಢೋಲಿನ ಬಡಿತ ಹೇಗೆ ಹುದುಗಿರುತ್ತದೆ ನೋಡಿ ಎಂದು ಪ್ರೇಕ್ಷಕರಿಗೆ ವಿವರಿಸಿದ. ಹಲವರು ಗಮನಿಸಿದ್ದರು. ಫಕೀರಪ್ಪ ಎದ್ದು ನಿಂತು, ಶುದ್ಧ ಮರಾಠಿಯಲ್ಲಿ, ಸರ್, ಅದು ಕನ್ನಡ, ನಾನು ಹಳಿಯಾಳದವನು ಎಂದ. ಸಂವಾದ ಅಲ್ಲಿಗೆ ಮುಗಿಯಿತು.

ಕೆಳಗೆ ಅಂಗಳದಲ್ಲಿ ಕಾಶವ್ವ ಕಾಯುತ್ತಿದ್ದಳು. ಮಾಂತು ಸ್ವಲ್ಪ ದೂರ ನಿಂತು, ನಿಲ್ಲಿಸಿದ್ದ ಸ್ಕೂಟರುಗಳ ನಂಬರ್ ಪ್ಲೇಟುಗಳನ್ನು ಓದುತ್ತಿದ್ದ. ಹರ್ಷದಾ ಮತ್ತು ಫಕೀರಪ್ಪ ಒಟ್ಟಿಗೆ ಇಳಿದು ಬಂದರು. ಕಾಶವ್ವ ಮಗಳನ್ನು ಮಾತ್ರ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಬೇಡಿಕೆಯಿತ್ತು.

“ಹರ್ಷಾ, ಅದು ನಾಟಕದ ಮಾತು, ಹೌದಲ್ಲಾ?”

ತಪ್ಪಿಸಿಕೊಳ್ಳುವ ಬಾಗಿಲು ಪೂರ್ತಿ ತೆರೆದಿತ್ತು. ‘ಹೂಂ’ ಎಂದರೆ ಆಯಿತು. ಆ ಒಂದು ಶಬ್ದದಲ್ಲಿ ಹರ್ಷದಾಳಿಗೆ ಇಪ್ಪತ್ತು ವರ್ಷದ ಅನುಭವವಿತ್ತು.

“ಅಲ್ಲವ್ವಾ,” ಎಂದಳು.

ಕಾಶವ್ವ ಸೆರಗು ಹೊದ್ದುಕೊಂಡಳು. ಆಮೇಲೆ ಫಕೀರಪ್ಪನ ಕಡೆ ತಿರುಗಿದಳು.

“ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲಪಾ ತಮ್ಮಾ. ಛಲೋ ಹುಡುಗ ಅದೀ. ಮನೀಗೆ ಬಂದಿ, ಚಹಾ ಕೊಟ್ಟೆ, ಇನ್ನೊಮ್ಮೆ ಬಂದ್ರ ಇನ್ನೊಮ್ಮೆ ಕೊಡ್ತಿದ್ದೆ. ಆದ್ರ...”

ಮುಂದಿನದನ್ನು ಹೇಳಲಿಲ್ಲ. ಹೇಳುವ ಅಗತ್ಯವಿಲ್ಲವೆಂದು ಅವಳಿಗೆ ಗೊತ್ತಿತ್ತು.

“ಗೊತ್ತೈತ್ರಿ ಅವ್ವಾರ,” ಎಂದ ಫಕೀರಪ್ಪ. “ಆ ‘ಆದ್ರ’ ನಾ ಸಣ್ಣಾಂವ ಇದ್ದಾಗಿಂದ ಕೇಳೀನಿ.”

ಮಾಂತು ರಿಕ್ಷಾ ಕರೆದ. ತಾಯಿ ಮಗ ಇಬ್ಬರೂ ಹೋದರು. ಅಂಗಳದಲ್ಲಿ ಇಬ್ಬರೇ ಉಳಿದರು. ಮಾತಾಡಬಾರದೆಂಬ ನಿಯಮ ಈಗ ಇರಲಿಲ್ಲ, ಅದರಿಂದ ಹೇಗೆ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಅವನ ಕೈ ಅವಳ ಕೈಯ ಪಕ್ಕದಲ್ಲಿತ್ತು. ಅವಳೇ ಹಿಡಿದುಕೊಂಡಳು. ಅವನು ರೂಢಿಬಲದಿಂದ ಅವಳ ನಾಡಿಯ ಮೇಲೆ ಬೆರಳಿಟ್ಟು, ಭಾಳ ಜೋರು ಓಡಾಕತ್ತದ್ರಿ ಎಂದ. ಅವಳು, ಓಡಲಿ ಬಿಡ್ರಿ ಎಂದಳು.

ಸೋಮವಾರ ಫಕೀರಪ್ಪ ಸೊಲ್ಲಾಪುರಕ್ಕೆ ಹೋದ. ಹರ್ಷದಾ ಕಾತ್ರಜದ ಮನೆಯಲ್ಲೇ ಉಳಿದಳು. ಕಾಶವ್ವ ಮೊದಲಿನಂತೆ ಬೆಳಿಗ್ಗೆ ಡಬ್ಬಿ ಕಟ್ಟಿಡುತ್ತಿದ್ದಳು, ಸಂಜೆ ತಾಟು ಹಾಕುತ್ತಿದ್ದಳು. ಮಾತು ಮಾತ್ರ ನಿಲ್ಲಿಸಿದಳು. ‘ಹೂಂ’ ಎನ್ನಲು ಈಗ ಏನೂ ಇರಲಿಲ್ಲ. ಎರಡು ಕೋಣೆಗಳ ಆ ಮನೆ ಇಷ್ಟು ದೊಡ್ಡದೆಂದು ಹರ್ಷದಾಳಿಗೆ ಗೊತ್ತಿರಲಿಲ್ಲ. ಆರು ತಿಂಗಳು ಪ್ರತಿ ಎರಡನೆಯ ಶನಿವಾರ ಸೊಲ್ಲಾಪುರದ ಬಸ್ಸು ಹತ್ತಿದಳು, ಭಾನುವಾರ ಸಂಜೆಯೊಳಗೆ ವಾಪಸು ಬಂದಳು. ಎಲ್ಲಿಗೆಂದು ಕಾಶವ್ವ ಕೇಳಲಿಲ್ಲ. ಡಬ್ಬಿ ಮಾತ್ರ ಆ ಶನಿವಾರಗಳಂದೂ ಇರುತ್ತಿತ್ತು, ಒಬ್ಬರಿಗೆ ಸಾಲುವಷ್ಟು.

ಫೆಬ್ರವರಿಯ ಒಂದು ಬುಧವಾರ ಶಿವಾಜಿನಗರದಲ್ಲಿ ರಿಜಿಸ್ಟರ್ ಮದುವೆಯಾಯಿತು. ಮಾಂತು ಬಂದು ಸಾಕ್ಷಿಯ ಸಹಿ ಹಾಕಿದ. ಕಾಶವ್ವ ಬರಲಿಲ್ಲ.